ಅದರಗುಂಚಿಯ ರಾಜಮ್ಮ, ‘ಮಾಣೂಸ್’ನ ಮೈನಾ

ಸಂಶಿ ಸ್ಟೇಷನ್‌ನಲ್ಲಿ ಹುಬ್ಬಳ್ಳಿ ಪ್ಯಾಸೆಂಜರ್ ಹತ್ತಿದರೆ ಮೊದಲು ಕುಂದಗೋಳ, ಆಮೇಲೆ ಹುಬ್ಬಳ್ಳಿ. ಈ ಎರಡೂ ಊರಿನ ಹೆಸರಿಗೆ ಮರಾಠಿಯ ‘ಕರ’ ಹಚ್ಚಿಕೊಂಡು ಇಬ್ಬರು ಕಲಾವಿದರು ಹೊರಗೆ ಹೆಸರಾದರು. ಒಬ್ಬರು ರಾಮಭಾವು ಕುಂದಗೋಳಕರ, ಅಂದರೆ ನಮ್ಮ ಸವಾಯಿ ಗಂಧರ್ವರು. ಇನ್ನೊಬ್ಬರು ಶಾಂತಾ ಹುಬ್ಳೀಕರ. ಈ ಎರಡನೇ ಹೆಸರು ಹೇಳಿದರೆ ನಮ್ಮ ಹಾಸ್ಟೆಲ್‌ನ್ಯಾಗ ‘ಯಾರವ್ರು?’ ಅಂತಾರ. ಅದಕ್ಕೇ ಈ ಸಲ ಅವರ ಪಾಠ.

ಶಾಂತಾ ಹುಟ್ಟಿದ್ದು 1914ರಲ್ಲಿ, ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ. ಮೊದಲ ಹೆಸರು ರಾಜಮ್ಮ. ಚಿಕ್ಕಂದಿನಲ್ಲೇ ತಂದೆ-ತಾಯಿ ಹೋದರು. ಹಾಡಿಕೆ ಕಲಿತು ನಾಟಕ ಸೇರಿ, ಅಲ್ಲಿಂದ ಕೊಲ್ಹಾಪುರದ ಸಿನಿಮಾಕ್ಕೆ ಬಂದರು. ಕೊಲ್ಹಾಪುರವೇ ಯಾಕಂದ್ರ, ಆಗ ಸ್ಟುಡಿಯೋ ಇದ್ದದ್ದು ಆ ಕಡೆಗೆ. 1934ರ ನಮ್ಮ ಮೊದಲ ಟಾಕಿ ‘ಸತಿ ಸುಲೋಚನಾ’ ಕೂಡ ಅಲ್ಲೇ ಚಿತ್ರೀಕರಣವಾಯಿತು.

ಮುಂದೆ ಪುಣೆಯ ಪ್ರಭಾತ್ ಕಂಪನಿ, ನಿರ್ದೇಶಕ ವಿ. ಶಾಂತಾರಾಮ್, 1939ರ ‘ಮಾಣೂಸ್’. ಇಲ್ಲಿ ಸ್ವಲ್ಪ ನಿಲ್ಲೋಣ. ಗಣಪತ್ ಎಂಬ ಪೊಲೀಸ್ ಪೇದೆ, ಮೈನಾ ಎಂಬ ವೇಶ್ಯೆ, ಇಬ್ಬರಿಗೂ ಪ್ರೀತಿ. ಅವನು ತಾಯಿಗೆ ತೋರಿಸಲು ಮನೆಗೆ ಕರೆದೊಯ್ದರೆ, ಆ ಮುದುಕಿಯ ಭಕ್ತಿ, ವಾತ್ಸಲ್ಯ ನೋಡಿ ಮೈನಾಗೆ ತಾನು ಈ ಮನೆಗೆ ತಕ್ಕವಳಲ್ಲ ಅನ್ನಿಸುತ್ತದೆ. ಕಡೆಗೆ ಜೈಲು ಸೇರುತ್ತಾಳೆ. ಬಿಡಿಸಲು ಅವನು ಬಂದರೂ ಒಲ್ಲೆ ಅನ್ನುತ್ತಾಳೆ. ಮದುವೆಯಿಂದ ಎಲ್ಲ ಸರಿಹೋಗುವ ಕಥೆಯಲ್ಲ ಇದು. ಅಂಥ ಪಾತ್ರವನ್ನು ಶಾಂತಾ ಕಣ್ಣೀರಿಗಿಂತ ತುಂಟತನದಿಂದಲೇ ಹೆಚ್ಚು ನಿಭಾಯಿಸಿದ್ದಾರೆ. ನಮಗೆ ಹಿಡಿಸಿದ್ದೂ ಅದೇ.

ಎಂಜಿನಿಯರಿಂಗ್ ಹುಡುಗರು ಗಮನಿಸಬೇಕಾದದ್ದು ಇನ್ನೊಂದು ಐತಿ. ಇದೇ ಚಿತ್ರ ಹಿಂದಿಯಲ್ಲಿ ‘ಆದ್ಮಿ’ ಆಯಿತು. ಈಗಿನಂತೆ ಡಬ್ಬಿಂಗ್ ಅಲ್ಲ, ಎರಡೂ ಭಾಷೆಗೆ ಬೇರೆಬೇರೆ ಚಿತ್ರೀಕರಣ. ಕನ್ನಡದ ಹುಡುಗಿ ಮರಾಠಿಯಲ್ಲೂ ಹಿಂದಿಯಲ್ಲೂ ಮಾತಾಡಿ, ತನ್ನ ಹಾಡನ್ನು ತಾನೇ ಹಾಡಬೇಕು. ಅದರ ಮೇಲೆ ಆ ಪ್ರಸಿದ್ಧ ಹಾಡಿನಲ್ಲಿ ಬೇರೆಬೇರೆ ಪ್ರಾಂತ್ಯದ ಗಿರಾಕಿಗಳಿಗೆ ಅವರವರ ಭಾಷೆಯಲ್ಲೇ ಒಂದೊಂದು ನುಡಿ! ಸಂಗೀತ ಮಾಸ್ಟರ್ ಕೃಷ್ಣರಾವ್ ಅವರದು.

ಕನ್ನಡಕ್ಕೂ ಬಂದರು: 1942ರ ‘ಜೀವನ ನಾಟಕ’, ಗುಬ್ಬಿ ವೀರಣ್ಣನವರ ಜೊತೆ. ಆದರೆ ಮೈನಾಗೆ ಸರಿಸಾಟಿಯಾದ ಪಾತ್ರ ಮತ್ತೆ ಸಿಗಲಿಲ್ಲ. ಆ ಹಾಡು ಮನೆಮಾತಾಯಿತು, ಹಾಡಿದವರನ್ನು ಚಿತ್ರರಂಗ ಮರೆಯಿತು. ಇಳಿವಯಸ್ಸಿನಲ್ಲಿ ಅವರು ಆಶ್ರಮವೊಂದರಲ್ಲಿ ದಿನ ಕಳೆಯಬೇಕಾಯಿತು. ಆತ್ಮಕಥೆ ಬರೆದಾಗ ಆ ಹಾಡಿನ ಹೆಸರನ್ನೇ ಇಟ್ಟರು: ‘ಕಶಾಲಾ ಉದ್ಯಾಚೀ ಬಾತ್’. ನಾಳೆಯ ಮಾತು ಯಾತಕ್ಕ, ಅಂತ ಅದರ ಅರ್ಥ. 1992ರಲ್ಲಿ ತೀರಿಕೊಂಡರು.

‘ಮಾಣೂಸ್’ ನೋಡಲು ಕೂತಾಗ ಹಾಡು ಮುಗೀತಂತ ಎದ್ದು ಹೋಗಬ್ಯಾಡ್ರಿ. ಗಣಪತನ ಮನೆಯಲ್ಲಿ ಮೈನಾಳ ಮುಖ ನೋಡ್ರಿ.