‘ಗಮನ ಕೊಡದ’ ವಿದ್ಯಾರ್ಥಿ: ದೀರ್ಘಕಾಲದ ಅಲರ್ಜಿ ಕುರಿತ ಒಂದು ವ್ಯಕ್ತಿ ಅಧ್ಯಯನ

ಪೀಠಿಕೆ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಒಂದು ವ್ಯಕ್ತಿ ಅಧ್ಯಯನ ಸಲ್ಲಿಸಬೇಕು. ನಾನು ಆರಿಸಿಕೊಂಡದ್ದು ಎಂಟನೆಯ ತರಗತಿಯ ಒಬ್ಬ ಬಾಲಕನನ್ನು. ಇಲ್ಲಿ ಅವನನ್ನು ‘ಅ’ ಎಂದು ಕರೆದಿದ್ದೇನೆ. ಸಮಸ್ಯೆಯ ಅಂಕಣದಲ್ಲಿ ಮೊದಲು ‘ಅವಧಾನದ ಕೊರತೆ’ ಎಂದು ಬರೆದಿದ್ದೆ. ಅದು ತಪ್ಪೆಂದು ತಿಳಿಯಲು ಮೂರು ವಾರ ಹಿಡಿಯಿತು.

ಕಂಡದ್ದು

‘ಅ’ ಮೊದಲ ಅವಧಿಯಲ್ಲಿ ತೂಕಡಿಸುತ್ತಿದ್ದ. ಬಾಯಿ ತೆರೆದೇ ಉಸಿರಾಡುತ್ತಿದ್ದ. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುವುದು ಅವನ ಅಭ್ಯಾಸ; ಮೂಗಿನ ಮೇಲೆ ಅಡ್ಡಗೆರೆಯೇ ಬಿದ್ದಿತ್ತು. ಕಣ್ಣಿನ ಕೆಳಗೆ ಕಪ್ಪು. ಅವನಲ್ಲಿ ಉತ್ಸಾಹ ತುಂಬಲೆಂದು ನಾನು ಕಪ್ಪುಹಲಗೆ ಒರೆಸುವ ಜವಾಬ್ದಾರಿ ವಹಿಸಿದೆ. ಪ್ರತಿ ಸಲ ಒರೆಸಿ ಬಂದಾಗಲೂ ಹತ್ತಾರು ಸೀನು. ತರಗತಿ ನಕ್ಕಿತು. ನಾನೂ ಅದನ್ನು ತುಂಟಾಟವೆಂದು ತಿಳಿದು ಗದರಿದೆ. ಮಾರ್ಗದರ್ಶಕ ಅಧ್ಯಾಪಕರು ನನ್ನ ವೀಕ್ಷಣಾ ಪುಸ್ತಕ ನೋಡಿ, “ಇದರಲ್ಲಿ ನಿಮ್ಮ ತೀರ್ಮಾನಗಳಿವೆ, ಮಗುವಿಲ್ಲ” ಎಂದರು.

ದಾಖಲೆ

ಅಂದಿನಿಂದ ತೀರ್ಮಾನ ಬಿಟ್ಟು ಸಮಯ, ಸ್ಥಳ, ಲಕ್ಷಣ ಇಷ್ಟನ್ನೇ ಬರೆದೆ. ತಾಯಿಯ ಒಪ್ಪಿಗೆ ಪಡೆದು, ಮನೆಯಲ್ಲಿಯೂ ‘ಅ’ನಿಂದಲೇ ಬರೆಸಿದೆ. 15 ದಿನಗಳ ದಾಖಲೆಯಲ್ಲಿ ಮೂರು ಅಂಶಗಳು ಎದ್ದು ಕಂಡವು. ಸೀನು ಹೆಚ್ಚುತ್ತಿದ್ದುದು ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಮತ್ತು ಕಂಬಳಿ ಕೊಡವುವಾಗ. ತೂಕಡಿಕೆ ಕಾಣುತ್ತಿದ್ದುದು ಬೆಳಗಿನ ಮಾತ್ರೆ ನುಂಗಿದ ದಿನ. ಜ್ವರ ಒಂದು ದಿನವೂ ಇರಲಿಲ್ಲ.

ಮನೆಯವರು ಮೂರು ವರ್ಷದಿಂದ ಇದನ್ನು ‘ಶೀತದ ಮೈ’ ಎನ್ನುತ್ತಿದ್ದರು. ಕಷಾಯ, ಕೆಮ್ಮಿನ ಸಿರಪ್, ಅಂಗಡಿಯಿಂದ ತಂದ ಶೀತದ ಮಾತ್ರೆ ಎಲ್ಲವೂ ಆಗಿದ್ದವು. ಹಿಂದಿನ ವರ್ಷ ವೈದ್ಯರೊಬ್ಬರು ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರು. ನಾಲ್ಕು ದಿನ ಬಳಸಿ, “ಗುಣ ಕಾಣಲಿಲ್ಲ, ಅಭ್ಯಾಸವಾಗಿಬಿಡುತ್ತದಂತೆ” ಎಂದು ಬಿಟ್ಟಿದ್ದರು.

ಚಿಕಿತ್ಸೆ

ದಾಖಲೆಯೊಂದಿಗೆ ತಾಯಿ, ಮಗ ಮಕ್ಕಳ ವೈದ್ಯರ ಬಳಿ ಹೋದರು. ಅಲರ್ಜಿಯಿಂದ ಬಂದ ಮೂಗಿನ ಉರಿಯೂತ ಎಂದು ಅವರು ಗುರುತಿಸಿದರು. ಇಂಥ ಮಕ್ಕಳಲ್ಲಿ ಆಸ್ತಮಾ ಜೊತೆಗೂಡುವುದುಂಟಾದ್ದರಿಂದ ಎದೆಯನ್ನೂ ಪರೀಕ್ಷಿಸಿದರು. ಹಾಸಿಗೆಯ ಧೂಳಿನಲ್ಲಿ ಬದುಕುವ, ಕಣ್ಣಿಗೆ ಕಾಣದ ಧೂಳುನುಸಿಯ ಮೇಲೆ ಅನುಮಾನ ಹೋಯಿತು. ಹಳೆಯ ಬಗೆಯ ಶೀತದ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ನಿದ್ದೆ ತರುತ್ತದೆ. ಅದನ್ನು ನಿಲ್ಲಿಸಿ, ಅಷ್ಟಾಗಿ ನಿದ್ದೆ ತರದ ಹೊಸ ಬಗೆಯ ಮಾತ್ರೆಯನ್ನು ಅಗತ್ಯವಿದ್ದಾಗ ಮಾತ್ರ ಎಂದು ಸೂಚಿಸಿದರು.

ಮುಖ್ಯ ಔಷಧ ಮಾತ್ರ ಬದಲಾಗಲಿಲ್ಲ. ಅದೇ ಸ್ಟೀರಾಯ್ಡ್ ಸ್ಪ್ರೇ. ಆದರೆ ಈ ಸಲ ಅದನ್ನು ‘ಕಲಿಸಿದರು’. ಅದು ತಕ್ಷಣ ಮೂಗು ಬಿಡಿಸುವ ಹನಿಯಲ್ಲ. ಒಳಪೊರೆಯ ಊತವನ್ನು ನಿಧಾನವಾಗಿ ಇಳಿಸುತ್ತದೆ. ಪೂರ್ಣ ಪರಿಣಾಮಕ್ಕೆ ಎರಡು ವಾರದವರೆಗೂ ಬೇಕಾಗಬಹುದು. ಅಭ್ಯಾಸವಾಗುವ ಅಪಾಯವಿರುವುದು ಮೂಗು ಬಿಡಿಸುವ ಹನಿಗಳನ್ನು ಬಹಳ ದಿನ ಹಾಕಿಕೊಂಡರೆ. ದಾದಿ ಪ್ರಾತ್ಯಕ್ಷಿಕೆ ತೋರಿಸಿದರು: ತಲೆ ತುಸು ಮುಂದಕ್ಕೆ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ಮೊನೆ ನಡುಗೋಡೆಯ ಕಡೆಗಲ್ಲ, ಹೊರಕ್ಕೆ. ಬಳಿಕ ‘ಅ’ನಿಂದ ಮಾಡಿಸಿ ನೋಡಿದರು. ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯುವಂತೆ ಹೇಳಿದರು. ಸಾಲದಿದ್ದರೆ ಚರ್ಮ ಪರೀಕ್ಷೆ, ಆಮೇಲೆ 3ರಿಂದ 5 ವರ್ಷ ನಡೆಯುವ ಇಮ್ಯುನೊಥೆರಪಿ ಇದೆ ಎಂದೂ ತಿಳಿಸಿದರು.

ಶಾಲೆಯಲ್ಲಿ

ಹಲಗೆ ಒರೆಸುವ ಕೆಲಸ ನಾನೇ ವಹಿಸಿಕೊಂಡೆ, ಒದ್ದೆ ಬಟ್ಟೆಯಿಂದ. ಸೀಮೆಸುಣ್ಣದ ಪುಡಿ ಸಾಮಾನ್ಯವಾಗಿ ಅಲರ್ಜಿಯ ಮೂಲವಲ್ಲ, ಆದರೆ ಊದಿದ ಮೂಗನ್ನು ಕೆರಳಿಸುತ್ತದೆ. ‘ಅ’ನಿಗೆ ಪ್ರಯೋಗಗಳ ದಾಖಲೆ ಬರೆಯುವ ಹೊಣೆ ಕೊಟ್ಟೆ, ಅದರಲ್ಲಿ ಅವನು ಆಗಲೇ ಪಳಗಿದ್ದ. ಅವನಿಗೆ ಕೊಟ್ಟಿದ್ದ ‘ಭಾಗವಹಿಸುವಿಕೆ’ಯ ಅಂಕಗಳನ್ನು ಮಾರ್ಗದರ್ಶಕರ ಅನುಮತಿಯಿಂದ ಹಿಂಪಡೆದು ಮರುಮೌಲ್ಯಮಾಪನ ಮಾಡಿದೆ.

ಫಲ

ಮೊದಲ ವಾರ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ತಾಯಿ ಸ್ಪ್ರೇ ಬಿಡುವ ಮಾತೆತ್ತಿದಾಗ ‘ಅ’ನೇ, “ಎರಡು ವಾರ ಅಂದಿದ್ದಾರಮ್ಮ” ಎಂದನಂತೆ. ಮೂರನೆಯ ವಾರ ಅವನು ಬಾಯಿ ಮುಚ್ಚಿ ಮಲಗುತ್ತಿದ್ದಾನೆಂದು ತಾಯಿ ತಿಳಿಸಿದರು. ತರಗತಿಯಲ್ಲಿ ತೂಕಡಿಕೆ ನಿಂತಿತು. ಅಲರ್ಜಿ ಮಾಯವಾಗಿಲ್ಲ, ಚಳಿಯ ಮುಂಜಾನೆ ಈಗಲೂ ಸೀನುತ್ತಾನೆ. ಅದು ಹತೋಟಿಯಲ್ಲಿದೆ, ಅಷ್ಟೆ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ರೋಗವನ್ನು ಹೆಸರಿಸುವುದು, ಔಷಧ ಸೂಚಿಸುವುದು ನಮ್ಮ ಕೆಲಸವಲ್ಲ. ನಿಖರವಾಗಿ ನೋಡಿ ಬರೆಯುವುದು ನಮ್ಮ ಕೆಲಸ.
2. ‘ಸೋಮಾರಿ’, ‘ಗಮನವಿಲ್ಲ’ ಎಂದು ಬರೆಯುವ ಮೊದಲು ಮಗುವಿನ ನಿದ್ದೆ, ಉಸಿರಾಟ, ಸೇವಿಸುತ್ತಿರುವ ಔಷಧಗಳ ಬಗ್ಗೆ ಕೇಳಿ.
3. ಉಸಿರಾಟಕ್ಕೆ ತೊಂದರೆ, ತುಟಿ ಅಥವಾ ನಾಲಗೆಯ ಊತ ಕಂಡರೆ ದಾಖಲೆಗೆ ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.
4. ಚಿಕಿತ್ಸೆ ಫಲಿಸದಿದ್ದಾಗ ಔಷಧ ಸರಿಯಿಲ್ಲವೆಂದೇ ತಿಳಿಯಬೇಕಾಗಿಲ್ಲ. ಅದನ್ನು ಯಾರೂ ಕಲಿಸಿರಲಿಕ್ಕಿಲ್ಲ. ಪ್ರಾತ್ಯಕ್ಷಿಕೆ, ಮರುಪ್ರದರ್ಶನ, ಪುನರಾವರ್ತನೆ ಎಂದು ನಾವು ಪಾಠ ಯೋಜನೆಯಲ್ಲಿ ಬರೆಯುವ ಹಂತಗಳು ಒಂದು ಸ್ಪ್ರೇಗೂ ಬೇಕು.