ಗಾಳಿಯನ್ನು ನಿಧಾನಗೊಳಿಸುವ ದಾರಿ: ಚಲನ ಶಕ್ತಿಗೆ ಒಂದು ಪಾಠ

ತರಗತಿ: 9. ವಿಷಯ: ವಿಜ್ಞಾನ. ಘಟಕ: ಕೆಲಸ ಮತ್ತು ಶಕ್ತಿ. ಅವಧಿ: 40 ನಿಮಿಷ. ಸ್ಥಳ: ಬಾದನಹಟ್ಟಿ.

ಉದ್ದೇಶ: ವೇಗ ಕಡಿಮೆಯಾದಾಗ ಚಲನ ಶಕ್ತಿ ಎಷ್ಟು ಪಟ್ಟು ಇಳಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ಹೇಳುವರು.

ಹಿನ್ನೆಲೆ: ಕುರುಗೋಡು, ಸಿರುಗುಪ್ಪದ ಕಡೆ ಭತ್ತದ ಸೀಮೆ. ಕಟಾವಿನಲ್ಲಿ ರೇಡಿಯೇಟರಿಗೆ ಹೊಟ್ಟು ಮೆತ್ತಿ ಎಂಜಿನ್ ಕಾಯುವುದು ಮಕ್ಕಳಿಗೆ ಗೊತ್ತು. ಕಾದ ಟ್ರ್ಯಾಕ್ಟರನ್ನು ಬದುವಿನ ಪಕ್ಕ ನಿಲ್ಲಿಸಬಹುದು; ವಿಮಾನವನ್ನು ಆಕಾಶದಲ್ಲಿ ನಿಲ್ಲಿಸಲಾಗದು. ಆದ್ದರಿಂದ ಚಿಕ್ಕ ವಿಮಾನದ ರೇಡಿಯೇಟರನ್ನೇ ಪಾಠಕ್ಕೆ ಆರಿಸಿಕೊಂಡೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ, 1993ರಲ್ಲಿ ಮೊದಲು ಹಾರಿದ ಎರಡು ಆಸನಗಳ 'ಹಂಸ' ವಿಮಾನದ ಹಂಸ-3 ಮಾದರಿಯಲ್ಲಿರುವುದು ರೋಟಾಕ್ಸ್ ಎಂಜಿನ್. ಅದರ ಸಿಲಿಂಡರುಗಳು ಗಾಳಿಯಿಂದ, ಸಿಲಿಂಡರ್ ತಲೆಗಳು ದ್ರವದಿಂದ ತಣಿಯುತ್ತವೆ. ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳೂ ಹೆಚ್ಚಾಗಿ ಬಳಸುವುದು ಈ ಬಗೆಯ ಎಂಜಿನ್.

ಪೀಠಿಕೆ: "ರೇಡಿಯೇಟರಿಗೆ ಗಾಳಿ ಒಯ್ಯುವ ಕೊಳವೆಯ ಬಾಯಿ ಹೇಗಿರಬೇಕು?" ಎಂದು ಕೇಳಿದೆ. "ದೊಡ್ಡದಿದ್ದಷ್ಟೂ ಗಾಳಿ ಜಾಸ್ತಿ ಬರ್ತೈತೆ ಸಾರ್" ಎಂದರು. ಉತ್ತರವನ್ನು ತಿದ್ದದೆ ಹಲಗೆಯ ಮೇಲೆ ಬರೆದಿಟ್ಟೆ.

ಬೋಧನೆ: ರಟ್ಟಿನ ಕೊಳವೆ ಮಾಡಿದ್ದೆ. ಬಾಯಿ ಕಿರಿದು, ಮುಂದೆ ನಿಧಾನವಾಗಿ ಅಗಲ, ಅಗಲದಲ್ಲಿ ರೇಡಿಯೇಟರಿನ ಬದಲಿಗೆ ಸೊಳ್ಳೆ ಪರದೆಯ ತುಂಡು, ಆಚೆಗೆ ಮತ್ತೆ ಕಿರಿದು. ಮೇಜಿನ ಫ್ಯಾನಿನ ಎದುರು ಹಿಡಿದಾಗ ಬಾಯಿಯ ಬಳಿಯ ಕಾಗದದ ಎಳೆ ಜೋರಾಗಿ ಹಾರಿತು. ಪರದೆಯ ಬಳಿಯದು ಮೆಲ್ಲಗೆ ಅಲುಗಾಡಿತು.

ಆಗ ಒಬ್ಬ ಹುಡುಗಿ ಎದ್ದಳು: "ಫ್ಯಾನು ಜೋರು ತಿರುಗಿದ್ರೇ ತಂಪು. ಗಾಳಿ ನಿಧಾನ ಆದ್ರೆ ಎಂಜಿನ್ ಹೆಂಗೆ ತಣ್ಣಗಾಗ್ತೈತೆ ಸಾರ್?"

ಇಡೀ ಪಾಠ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಉತ್ತರವನ್ನು ಲೆಕ್ಕದಿಂದ ಹೊರಡಿಸಿದೆವು. ಬಾಯಿ 100 ಚದರ ಸೆಂ.ಮೀ., ಅಲ್ಲಿ ಗಾಳಿಯ ವೇಗ ಸೆಕೆಂಡಿಗೆ 40 ಮೀಟರ್. ರೇಡಿಯೇಟರ್ 400 ಚದರ ಸೆಂ.ಮೀ. ಒಳಬಂದಷ್ಟು ಗಾಳಿಯೇ ಹಾಯಬೇಕು. ಆದ್ದರಿಂದ ಅಲ್ಲಿನ ವೇಗ 10 ಮೀಟರ್. ಸೆಕೆಂಡಿಗೆ ಹಾಯುವ ಗಾಳಿ ಕಡಿಮೆಯಾಗಲಿಲ್ಲ. ಶಾಖ ಒಯ್ಯಲು ಬೇಕಾದದ್ದು ಆ ಪ್ರಮಾಣ ಮತ್ತು ರೇಡಿಯೇಟರಿನ ಅಗಲ ಮೈ, ಎರಡೂ ಇವೆ. ಆದರೆ ವೇಗ ನಾಲ್ಕನೇ ಒಂದು ಭಾಗವಾದರೆ ಪ್ರತಿ ಕಿಲೋಗ್ರಾಂ ಗಾಳಿಯ ಚಲನ ಶಕ್ತಿ ಹದಿನಾರನೇ ಒಂದು ಭಾಗ. ಉಳಿದ ಶಕ್ತಿಯ ಬಹುಪಾಲು ಒತ್ತಡವಾಗಿ ಗಾಳಿಯನ್ನು ರೇಡಿಯೇಟರಿನೊಳಗೆ ತಳ್ಳುತ್ತದೆ. ಹೀಗೆ ಕಡಿಮೆ ತಡೆಯಲ್ಲೇ ತಂಪು ಸಿಗುತ್ತದೆ.

ಎರಡು ಎಚ್ಚರಿಕೆಗಳನ್ನೂ ತೋರಿಸಿದೆ. ಕೊಳವೆಯನ್ನು ತಟ್ಟನೆ ಅಗಲಿಸಿದರೆ ಗಾಳಿ ಗೋಡೆ ಬಿಟ್ಟು ಸುಳಿಯಾಗುತ್ತದೆ. ಪ್ರತಿ ಬದಿಗೆ ಸುಮಾರು 7 ಡಿಗ್ರಿಯೊಳಗಿದ್ದರೆ ಕ್ಷೇಮ. ಕೊಳವೆಗೂ ರೇಡಿಯೇಟರಿಗೂ ನಡುವೆ ಸಂದು ಉಳಿದರೆ ಗಾಳಿ ಅಲ್ಲಿಂದಲೇ ನುಸುಳುತ್ತದೆ. "ಕಾಲುವೆಗೆ ಗಂಡಿ ಬಿದ್ರೆ ಕೊನೆ ಗದ್ದೆಗೆ ನೀರು ಮುಟ್ಟಲ್ಲ, ಹಂಗೇ" ಎಂದ ಹಿಂದಿನ ಬೆಂಚಿನ ಹುಡುಗ.

ಕೊನೆಯ ಕಿರಿದಾದ ಭಾಗ ಬಿಸಿಗಾಳಿಗೆ ಮತ್ತೆ ವೇಗ ಕೊಟ್ಟು ಹಿಂದಕ್ಕೆ ಹೊರಡಿಸುತ್ತದೆ. ಇದರಿಂದ ರೇಡಿಯೇಟರಿನ ತಡೆಯಲ್ಲಿ ಒಂದು ಪಾಲು ಮರಳಿ ಸಿಗುತ್ತದೆಂದು ಬ್ರಿಟನ್ನಿನ ಎಫ್. ಡಬ್ಲ್ಯು. ಮೆರೆಡಿತ್ 1935ರಲ್ಲಿ ವಿವರಿಸಿದರು.

ಮೌಲ್ಯಮಾಪನ: ಬಾಯಿ 150, ರೇಡಿಯೇಟರ್ 450 ಚದರ ಸೆಂ.ಮೀ.; ಬಾಯಿಯಲ್ಲಿ ವೇಗ 30 ಮೀಟರ್. ರೇಡಿಯೇಟರಿನಲ್ಲಿ ವೇಗವೆಷ್ಟು? ಚಲನ ಶಕ್ತಿ ಎಷ್ಟನೇ ಭಾಗ? (10 ಮೀಟರ್; ಒಂಬತ್ತನೇ ಒಂದು.)

ಈ ಪಾಠ ಮಾಡುವ ಸಹಪಾಠಿಗಳಿಗೆ ನನ್ನ ಸಲಹೆ: ಸೂತ್ರವನ್ನು ಮೊದಲೇ ಬರೆಯಬೇಡಿ. ಮಕ್ಕಳ ಊಹೆ ಅವಧಿ ಮುಗಿಯುವವರೆಗೂ ಹಲಗೆಯ ಮೇಲಿರಲಿ. ಅಳಿಸುವ ಕೆಲಸವನ್ನು ಅವರಿಗೇ ಬಿಡಿ.