‘ಸಣ್ಣ ತೊಂದರೆ’ ಇರುವ ನಾಯಿಮರಿ ಕೊಳ್ಳುವ ಮುನ್ನ

ಲ್ಯಾಬ್ರಡಾರ್ ಮರಿಯ ಹೊಕ್ಕುಳ ಬಳಿ ಚಿಕ್ಕ ಉಬ್ಬು, ಬೀಗಲ್ ಮರಿಯ ಕಣ್ಣಂಚಲ್ಲಿ ಕೆಂಪು ಗಂಟು, ಇನ್ನೊಂದರ ಮೂತಿಯ ಮೇಲೆ ಕೂದಲು ಉದುರಿದ ಮಚ್ಚೆ. ‘ಸಣ್ಣ ತೊಂದರೆ ಅಷ್ಟೆ ಸಾರ್, ಅದಕ್ಕೇ ರೇಟು ಕಮ್ಮಿ’ ಎನ್ನುತ್ತಾರೆ ಮಾರುವವರು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಕಡೆ ಸೈಟು ಕೊಂಡು ಮನೆ ಕಟ್ಟಿದವರು, ತೋಟ ಮಾಡಿದವರು ಕಾವಲಿಗೊಂದು ನಾಯಿ ಬೇಕೆಂದು ಇಂಥ ಮರಿಯನ್ನು ತರುವುದುಂಟು. ತರುವುದು ತಪ್ಪಲ್ಲ. ಆದರೆ ಹೆಚ್ಚಿನವರು ಇಳಿದ ಬೆಲೆಯನ್ನಷ್ಟೇ ನೋಡುತ್ತಾರೆ, ತೊಂದರೆಯ ಹೆಸರು ಕೇಳುವುದೇ ಇಲ್ಲ.

ಮೊದಲು ವಯಸ್ಸು ಕೇಳಿ. ನಾಯಿ ಸಾಕಣೆ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಮೂವತ್ತು ದಿನದ ಮರಿ ಮುದ್ದಾಗಿ ಕಾಣುತ್ತದೆ, ನಿಜ. ಆದರೆ ಅಷ್ಟು ಎಳೆಯದರಲ್ಲಿ ಯಾವ ತೊಂದರೆ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಹೇಳುವುದೇ ಕಷ್ಟ. ತಾಯಿ ನಾಯಿಯನ್ನು ತೋರಿಸಲು ಒಪ್ಪದವರ ಹತ್ತಿರ ವ್ಯಾಪಾರವೇ ಬೇಡ. ಹೆದ್ದಾರಿ ಬದಿಗೆ ಕಾರಲ್ಲಿ ಮರಿ ತಂದು ಕೊಡುತ್ತೇವೆ ಎನ್ನುವವರೂ ಇದೇ ಸಾಲಿಗೆ ಸೇರಿದವರು.

ಆಮೇಲೆ ತೊಂದರೆಯನ್ನು ನೀವೇ ಮುಟ್ಟಿ ನೋಡಿ. ಹೊಕ್ಕುಳ ಉಬ್ಬಾದರೆ ಮರಿಯನ್ನು ಅಂಗಾತ ಮಲಗಿಸಿ, ತೋರುಬೆರಳಿನಿಂದ ಮೆಲ್ಲಗೆ ಒತ್ತಿ. ಮೆತ್ತಗಿದ್ದು ಒಳಕ್ಕೆ ಸರಿದರೆ ಹೊಟ್ಟೆಯ ಸ್ನಾಯುವಿನಲ್ಲಿರುವ ಕಿಂಡಿಯ ಅಂಚು ಬೆರಳಿಗೆ ತಾಗುತ್ತದೆ. ಕಿಂಡಿ ಬೆರಳ ತುದಿಗಿಂತ ಚಿಕ್ಕದಾಗಿದ್ದರೆ ಆರು ತಿಂಗಳೊಳಗೆ ತಾನಾಗಿ ಮುಚ್ಚಿಕೊಳ್ಳಬಹುದು. ದೊಡ್ಡದಾಗಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಜೊತೆಗೇ ಹೊಲಿಸಿಕೊಳ್ಳಬಹುದು. ಉಬ್ಬು ಗಟ್ಟಿಯಾಗಿ, ಬಿಸಿಯಾಗಿ, ಮುಟ್ಟಿದರೆ ಮರಿ ಚೀರುವಂತಿದ್ದರೆ ಕರುಳು ಸಿಕ್ಕಿಕೊಂಡಿರಬಹುದು. ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸಂಗತಿ. ಉಬ್ಬಿನ ಮೇಲೆ ನಾಣ್ಯ ಇಟ್ಟು ಬಟ್ಟೆ ಬಿಗಿಯುವುದರಿಂದ ಕಿಂಡಿ ಮುಚ್ಚುವುದಿಲ್ಲ, ಚರ್ಮ ಹುಣ್ಣಾಗುತ್ತದೆ ಅಷ್ಟೆ.

ಕಣ್ಣಂಚಿನ ಕೆಂಪು ಗಂಟು ಹೊರಗೆ ಜಾರಿದ ಕಣ್ಣೀರಿನ ಗ್ರಂಥಿ. ಅದನ್ನು ಕತ್ತರಿಸಿ ತೆಗೆದರೆ ಮುಂದೆ ಕಣ್ಣು ಒಣಗುವ ಅಪಾಯವಿದೆ, ಒಳಗೆ ಕೂರಿಸಿ ಹೊಲಿಯುವುದೇ ಸರಿಯಾದ ಕ್ರಮ. ಗಂಡು ಮರಿಯ ಬೀಜ ಎರಡೂ ಇಳಿದಿವೆಯೇ ನೋಡಿ. ಆರು ತಿಂಗಳಾದರೂ ಒಳಗೇ ಉಳಿದ ಬೀಜದಲ್ಲಿ ಮುಂದೆ ಗೆಡ್ಡೆ ಬೆಳೆಯುವ ಸಂಭವ ಹೆಚ್ಚು, ತೆಗೆಸಬೇಕಾಗುತ್ತದೆ. ಮೂತಿಯ ಮೇಲಿನ ಒಂದೆರಡು ಬೋಳು ಮಚ್ಚೆ ಬಹುಪಾಲು ತಾನಾಗಿ ಹೋಗುತ್ತದೆ. ಆದರೆ ಮರಿ ಒಂದೇ ಸಮನೆ ಕೆರೆದುಕೊಳ್ಳುತ್ತಿದ್ದರೆ, ಸಾಕಿದವರ ಕೈಯಲ್ಲೂ ತುರಿಕೆಯ ಗುಳ್ಳೆ ಕಂಡರೆ ಅದು ಅಂಟುವ ಕಜ್ಜಿ ಇರಬಹುದು. ಯಾರೇ ಹೇಳಿದರೂ ಹಳೆಯ ಇಂಜಿನ್ ಆಯಿಲ್ ಬಳಿಯಬೇಡಿ. ಮರಿ ಅದನ್ನು ನೆಕ್ಕುತ್ತದೆ, ಹೊಟ್ಟೆಗೆ ವಿಷ ಸೇರುತ್ತದೆ.

ಕರುಳು ಸಿಕ್ಕಿಕೊಂಡದ್ದೊಂದನ್ನು ಬಿಟ್ಟರೆ ಇಲ್ಲಿವರೆಗಿನವು ನಿಜವಾಗಿ ಸಣ್ಣ ತೊಂದರೆಗಳು. ಹಣ, ತಾಳ್ಮೆ ಇದ್ದರೆ ಮುಗಿಯುತ್ತವೆ. ನನ್ನ ತಕರಾರು ‘ಸಣ್ಣದು’ ಎಂಬ ಹೆಸರಲ್ಲಿ ದಾಟಿಸುವ ದೊಡ್ಡ ಕಾಯಿಲೆಗಳ ಬಗ್ಗೆ. ಡಿಸೆಂಬರ್, ಜನವರಿಯಲ್ಲಿ ನಂದಿ ಬೆಟ್ಟದ ಆಸುಪಾಸಿನ ಮಂಜು, ಚಳಿ ಎಲ್ಲರಿಗೂ ಗೊತ್ತು. ಹಾಗಾಗಿ ಮರಿಯ ಕಣ್ಣಲ್ಲಿ ಗೀಜು, ಮೂಗಲ್ಲಿ ಸಿಂಬಳ ಕಂಡರೆ ‘ಚಳಿಗೆ ನೆಗಡಿ’ ಎಂದುಬಿಡುತ್ತಾರೆ, ಕೇಳಿದವರೂ ನಂಬುತ್ತಾರೆ. ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಶುರುವಾಗುವುದೇ ಹೀಗೆ. ಕೆಲವು ವಾರಗಳ ನಂತರ ಅದೇ ಮರಿಗೆ ಫಿಟ್ಸ್ ಬರಬಹುದು, ಕಾಲು ಅದುರಲು ತೊಡಗಬಹುದು. ಭೇದಿಯಾದರೆ ‘ಹಾಲು ಬದಲಾಯ್ತು, ಅದಕ್ಕೆ’ ಎಂಬ ಉತ್ತರ ಸಿದ್ಧವಿರುತ್ತದೆ. ವಾಂತಿಯೂ ಜೊತೆಗಿದ್ದು, ಭೇದಿ ನಾರುತ್ತಾ ರಕ್ತ ಬೆರೆತಿದ್ದರೆ ಪಾರ್ವೊ ವೈರಸ್ ಸೋಂಕು ಇರಬಹುದು. ಪಾರ್ವೊ ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಆದ್ದರಿಂದ ಕುಣಿಯುತ್ತಾ ಮನೆಗೆ ಬಂದ ಮರಿ ವಾರದೊಳಗೆ ಮಲಗಿಬಿಡುತ್ತದೆ, ದುಡ್ಡು ತೆಗೆದುಕೊಂಡವರು ‘ನಮ್ಮಲ್ಲಿದ್ದಾಗ ಚೆನ್ನಾಗಿತ್ತು’ ಎನ್ನುತ್ತಾರೆ. ನೆಗಡಿಯಾಗಲಿ ಭೇದಿಯಾಗಲಿ ಇರುವ ಮರಿಗೆ ಬೆಲೆ ಎಷ್ಟೇ ಇಳಿಸಿದರೂ ಅಂದು ದುಡ್ಡು ಕೊಡಬೇಡಿ. ವೈದ್ಯರಲ್ಲಿ ಕಿಟ್ ಪರೀಕ್ಷೆ ಮಾಡಿಸಿದರೆ ಪಾರ್ವೊ ಫಲಿತಾಂಶ ಅಲ್ಲೇ ಕೆಲವು ನಿಮಿಷಗಳಲ್ಲಿ ಸಿಗುತ್ತದೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಂತೆಯೇ.

ಲಸಿಕೆ ಕಾರ್ಡಿನಲ್ಲಿ ಸೀಸೆಯ ಸ್ಟಿಕ್ಕರ್, ಹಾಕಿದ ದಿನಾಂಕ, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ನಾಲ್ಕೂ ಇರಬೇಕು. ತಿಂಗಳ ಮರಿಗೇ ಹಾಕಿದ ಲಸಿಕೆಯನ್ನು ನಂಬಿ ಕೂರಬೇಡಿ, ತಾಯಿಯಿಂದ ಬಂದ ರಕ್ಷಣೆ ಅದನ್ನು ಕೆಲಸ ಮಾಡಗೊಡುವುದಿಲ್ಲ. 6ರಿಂದ 8 ವಾರದಲ್ಲಿ ಶುರುಮಾಡಿ, 3–4 ವಾರಕ್ಕೊಮ್ಮೆ 16 ವಾರದವರೆಗೆ ಹಾಕಿಸಬೇಕು.

ದುಡ್ಡು ಕೊಡುವ ಮೊದಲೇ ನಿಮ್ಮ ಕಡೆಯ ವೈದ್ಯರಿಗೆ ತೋರಿಸಿ, ಮಾರುವವರು ಹೇಳಿದ ವೈದ್ಯರಿಗಲ್ಲ. ತಾಲ್ಲೂಕು ಪಶು ಆಸ್ಪತ್ರೆಗೆ ಬೆಳಿಗ್ಗೆಯೇ ಹೋಗಿ. ಕಣ್ಣು, ಹೃದಯ, ಶಸ್ತ್ರಚಿಕಿತ್ಸೆಯ ವಿಷಯವಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ದೇವನಹಳ್ಳಿಯವರಿಗೆ ನೇರ ಬಳ್ಳಾರಿ ರಸ್ತೆ. ಹೃದಯದಲ್ಲಿ ಸಣ್ಣ ಗೊರಗೊರ ಸದ್ದಿದೆ ಎಂದರೆ ಗಾಬರಿ ಬೇಡ, ಎಷ್ಟೋ ಮರಿಗಳಲ್ಲಿ ಅದು ನಾಲ್ಕೈದು ತಿಂಗಳೊಳಗೆ ಹೋಗುತ್ತದೆ. ಆ ವಯಸ್ಸಿಗೆ ವೈದ್ಯರಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಶಸ್ತ್ರಚಿಕಿತ್ಸೆಗೆ ಎಷ್ಟಾಗುತ್ತದೆ ಎಂದು ಅಲ್ಲೇ ವಿಚಾರಿಸಿ, ಬೆಲೆ ಇಳಿಸಿದ್ದು ಅದಕ್ಕಿಂತ ಕಡಿಮೆಯಿದ್ದರೆ ನಿಮಗೆ ಸಿಕ್ಕಿದ್ದು ರಿಯಾಯಿತಿಯಲ್ಲ.

ರಸೀದಿಯಲ್ಲಿ ತೊಂದರೆಯ ಹೆಸರು, ಮರಿ ಹುಟ್ಟಿದ ದಿನ, ವೈದ್ಯರು ಕೆಲ ದಿನಗಳಲ್ಲಿ ಬೇರೆ ಕಾಯಿಲೆ ಕಂಡುಹಿಡಿದರೆ ಮಾರುವವರು ಏನು ಮಾಡುತ್ತಾರೆಂಬುದನ್ನು ಬರೆಸಿಕೊಳ್ಳಿ. ಯುಪಿಐನಲ್ಲೇ ಹಣ ಹಾಕಿ, ‘ನಾಯಿಮರಿ’ ಎಂದು ಟಿಪ್ಪಣಿ ಸೇರಿಸಿ. ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಬರಹದಲ್ಲಿ ಇಲ್ಲದ ಮಾತನ್ನು ಅಲ್ಲಿ ಸಾಬೀತುಪಡಿಸುವುದು ಕಷ್ಟ.

ಮನೆಗೆ ತಂದ ಮೇಲೆ ಎರಡು ವಾರ ಇತರ ನಾಯಿಗಳಿಂದ ದೂರವಿಡಿ, ಜಂತುಹುಳದ ಔಷಧಿ ತಪ್ಪಿಸಬೇಡಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ. ಜ್ವರವೆಂದು ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ. ಹೊಕ್ಕುಳ ಉಬ್ಬು, ಇಳಿಯದ ಬೀಜ ಬಹುಮಟ್ಟಿಗೆ ವಂಶದಿಂದ ಬರುವಂಥವು; ಆ ನಾಯಿಯಿಂದ ಮುಂದೆ ಮರಿ ಹಾಕಿಸಬೇಡಿ, ಯಾರಾದರೂ ಕೇಳಿಕೊಂಡು ಬಂದರೂ ಕೊಡಬೇಡಿ.